ಆಳವಿಲ್ಲದ ಮನೆ

ನಮ್ಮ ದೇಶದ ಪ್ರಾಣಿಹಿಂಸೆ ತಡೆ ಕಾಯ್ದೆ 1960ರದು. ಯಾವುದೆಲ್ಲ ಹಿಂಸೆ ಎಂದು ಅದರ 11ನೇ ಕಲಮು ಹೇಳುತ್ತಾ ಹೋಗುವಾಗ ಒಂದು ಕಡೆ ಪಂಜರದ ಮಾತು ಬರುತ್ತದೆ. ಒಳಗಿರುವ ಪ್ರಾಣಿ ತಕ್ಕಮಟ್ಟಿಗೆ ಓಡಾಡುವುದಕ್ಕೂ ಸಾಲದಷ್ಟು ಎತ್ತರ, ಉದ್ದ, ಅಗಲ ಇರುವ ಪಂಜರದಲ್ಲಿ ಅದನ್ನು ಕೂಡಿಹಾಕಿದರೆ ಅದು ಅಪರಾಧ. ಮೊದಲ ಸಲದ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ದಂಡ ಎಷ್ಟು ಕಡಿಮೆ ಎಂಬುದರ ಬಗ್ಗೆ ಬಹಳ ಜನ ಬರೆದಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮೂರು ಅಳತೆಗಳು. ಎತ್ತರ, ಉದ್ದ, ಅಗಲ. ಹಾರುವ ಗಿಣಿಗೆ, ನಡೆಯುವ ನಾಯಿಗೆ, ಕೆದಕುವ ಕೋಳಿಗೆ ಈ ಮೂರನ್ನು ಧಾರಾಳವಾಗಿ ಕೊಟ್ಟರೆ ಒಂದು ಮಟ್ಟದ ನ್ಯಾಯ ಸಲ್ಲುತ್ತದೆ. ನೆಲದೊಳಗೆ ಬದುಕುವ ಜೀವಕ್ಕೆ ನಾಲ್ಕನೆಯದೊಂದು ಅಳತೆ ಬೇಕು. ಆಳ. ಅದು ಕಾನೂನಿನ ಆ ಸಾಲಿನಲ್ಲಿಲ್ಲ, ಅಂಗಡಿಯ ಕಪಾಟಿನಲ್ಲಿಲ್ಲ, ಸಾಕುವವರ ತಲೆಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ನನ್ನ ತಲೆಯಲ್ಲೂ ಇರಲಿಲ್ಲ.

ಮಗಳು ಏಳನೇ ತರಗತಿಯಲ್ಲಿದ್ದಾಗ ನಮ್ಮ ಮನೆಗೆ ಇಲಿಜಾತಿಯ ಎರಡು ಜರ್ಬಿಲ್‌ಗಳು ಬಂದವು. ಅಂಗೈಯಲ್ಲಿ ಹಿಡಿಸುವ ಮೈ, ಮೈಯಷ್ಟೇ ಉದ್ದದ ರೋಮ ತುಂಬಿದ ಬಾಲ, ಬಾಲದ ತುದಿಗೆ ಕಪ್ಪು ಕುಚ್ಚು, ಮಣಿಯಂಥ ಕಣ್ಣು. ಬೆಂಗಳೂರಿನ ಸಾಕುಪ್ರಾಣಿ ಅಂಗಡಿಯೊಂದರಲ್ಲಿ “ವಾಸನೆ ಇರಲ್ಲ ಮೇಡಂ, ಒಂದು ಮೂಲೇಲಿ ಇಟ್ಟುಬಿಡಿ, ಅದರ ಪಾಡಿಗೆ ಅದು ಇರುತ್ತೆ” ಎಂದು ಹೇಳಿ, ಅವುಗಳ ಜೊತೆಗೇ ನೀಲಿ ಪ್ಲಾಸ್ಟಿಕ್ ತಳದ ತಂತಿ ಪಂಜರವೊಂದನ್ನೂ ಕೊಟ್ಟರು. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಎರಡು ಅಂತಸ್ತು, ತಂತಿಯ ಏಣಿ, ತಂತಿಯ ಚಕ್ರ. ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಮರದ ಹೊಟ್ಟು. ನೋಡಲು ಬೊಂಬೆಮನೆಯ ಹಾಗೆ ಚೆಂದವಾಗಿತ್ತು.

ಮೂರನೇ ರಾತ್ರಿಯಿಂದ ಆ ಸದ್ದು ಶುರುವಾಯಿತು. ಕರ ಕರ ಕರ. ಒಂದು ಜರ್ಬಿಲ್ ಪಂಜರದ ಮೂಲೆಯಲ್ಲಿ ಎರಡೂ ಮುಂಗಾಲುಗಳಿಂದ ಪ್ಲಾಸ್ಟಿಕ್ಕನ್ನು ಕೆರೆಯುತ್ತಿತ್ತು. ಹೊಟ್ಟು ಪಕ್ಕಕ್ಕೆ ಸರಿದು ಬರಿಯ ತಳ ಕಾಣುತ್ತಿತ್ತು. ಅಲ್ಲಿ ಇನ್ನು ಅಗೆಯುವುದಕ್ಕೆ ಏನೂ ಇಲ್ಲ, ಆದರೂ ಕಾಲು ನಿಲ್ಲುತ್ತಿರಲಿಲ್ಲ. ಅರ್ಧ ನಿಮಿಷ ಕೆರೆದು, ತಿರುಗಿ, ಪಂಜರದ ಇನ್ನೊಂದು ತುದಿಗೆ ಓಡಿ, ಮತ್ತೆ ಅದೇ ಮೂಲೆಗೆ ಬಂದು ಕೆರೆತ. “ಅಗೆಯೋದು ಅಂದ್ರೆ ಅದಕ್ಕೆ ಎಷ್ಟು ಇಷ್ಟ ನೋಡಮ್ಮ” ಎಂದು ಮಗಳು ಮೊಬೈಲಿನಲ್ಲಿ ಚಿತ್ರ ತೆಗೆದಳು. ನಾನೂ ನಕ್ಕಿದ್ದೆ. ಆ ನಗುವಿನ ನೆನಪು ಈಗಲೂ ನನ್ನನ್ನು ಚುಚ್ಚುತ್ತದೆ.

ಆ ಕೆರೆತ ಖುಷಿಯದಲ್ಲ ಎಂದು ತೋರಿಸಿಕೊಟ್ಟ ಕೆಲಸ ನಡೆದದ್ದು ಸ್ವಿಟ್ಜರ್ಲೆಂಡಿನಲ್ಲಿ. ಪ್ರಯೋಗಾಲಯಗಳಲ್ಲಿ ಸಾಕಿದ ಜರ್ಬಿಲ್‌ಗಳು ದಿನದಲ್ಲಿ ಎಷ್ಟೋ ಹೊತ್ತು ಹೀಗೆ ಮೂಲೆ ಕೆರೆಯುವುದನ್ನು ಕಂಡು, ಇದಕ್ಕೆ ಕಾರಣವೇನೆಂದು ಕ್ರಿಸ್ಟೋಫ್ ವೀಡೆನ್‌ಮಾಯರ್ ಎಂಬ ಸಂಶೋಧಕ ಹುಡುಕಿದರು. 1997ರಲ್ಲಿ ಪ್ರಕಟವಾದ ಅವರ ಅಧ್ಯಯನದ ಜಾಣತನ ಇರುವುದು ಪ್ರಶ್ನೆಯನ್ನು ಎರಡಾಗಿ ಸೀಳಿದ್ದರಲ್ಲಿ. ಪ್ರಾಣಿಗೆ ಬೇಕಾಗಿರುವುದು ಅಗೆಯುವ ಕೆಲಸವೋ, ಅಗೆದ ಮೇಲೆ ಸಿಗುವ ಬಿಲವೋ? ಕೆಲವು ಮರಿಗಳಿಗೆ ಒಣ ಮರಳು ಕೊಟ್ಟರು. ಎಷ್ಟು ಬೇಕಾದರೂ ಅಗೆಯಬಹುದು, ಆದರೆ ಮರಳು ಕುಸಿಯುವುದರಿಂದ ಬಿಲ ನಿಲ್ಲುವುದಿಲ್ಲ. ಇನ್ನು ಕೆಲವಕ್ಕೆ ಅಗೆಯಲು ಏನೂ ಕೊಡದೆ, ಕೊಳವೆಯ ದಾರಿಯಿಂದ ಹೋಗಿ ಸೇರಬಹುದಾದ ಸಿದ್ಧ ಬಿಲವನ್ನೇ ಕೊಟ್ಟರು. ಮರಳಿದ್ದ ಮರಿಗಳು ಬೆಳೆಯುತ್ತಾ ಮೂಲೆ ಕೆರೆಯುವ ಚಟ ಹತ್ತಿಸಿಕೊಂಡವು. ಬಿಲವಿದ್ದವು ಹತ್ತಿಸಿಕೊಳ್ಳಲಿಲ್ಲ. ಜರ್ಬಿಲ್ ಅಗೆಯುವುದು ವ್ಯಾಯಾಮಕ್ಕಲ್ಲ, ಹೊಕ್ಕು ಕೂರುವುದಕ್ಕೆ. ಕತ್ತಲಿರುವ, ಮೈಗೆ ಸುತ್ತಲಿಂದ ತಾಗುವ, ಡೊಂಕು ದಾರಿಯ ಕೊನೆಯಲ್ಲಿರುವ ಒಂದು ಜಾಗ ಸಿಕ್ಕಿತೆಂದರೆ ಕಾಲು ತಾನಾಗಿ ನಿಲ್ಲುತ್ತದೆ. ಸಿಗದಿದ್ದರೆ ಪ್ಲಾಸ್ಟಿಕ್ಕನ್ನೇ ಕೆರೆಯುತ್ತಾ ಹೋಗುತ್ತದೆ. ಮುಂದೆ 2004ರಲ್ಲಿ ಝೂರಿಕ್ ವಿಶ್ವವಿದ್ಯಾಲಯದ ಎವಾ ವೈಬ್ಲಿಂಗರ್ ಮತ್ತು ಬಾರ್ಬರಾ ಕೋನಿಗ್ ಇದೇ ಜಾಡಿನಲ್ಲಿ ಪ್ರಯೋಗಾಲಯದ ಪೆಟ್ಟಿಗೆಗಳನ್ನು ಸುಧಾರಿಸುವ ದಾರಿ ತೋರಿಸಿದರು. ಬೆಳಕು ತೂರದ ಒಂದು ಗೂಡುಪೆಟ್ಟಿಗೆ, ಅದಕ್ಕೆ ಬಾಗಿದ ಕೊಳವೆಯ ದಾರಿ. ಇಷ್ಟು ಸರಳ.

ಇದನ್ನು ಓದಿದ ದಿನ ನಾನು ಆ ನೀಲಿ ಪಂಜರದ ಮುಂದೆ ಬಹಳ ಹೊತ್ತು ಕೂತಿದ್ದೆ. ಆ ಮನೆಯಲ್ಲಿ ಅವಕ್ಕೆ ಎಲ್ಲ ಕಡೆಯಿಂದಲೂ ಬೆಳಕು. ಮಲಗಿದರೂ ಬೆಳಕು, ತಿಂದರೂ ಬೆಳಕು, ಹೆದರಿದರೂ ಬೆಳಕು. ಹದ್ದು, ನರಿ, ಗೂಬೆಗಳ ಕಣ್ಣು ತಪ್ಪಿಸಿಯೇ ಲಕ್ಷಾಂತರ ವರ್ಷ ಉಳಿದುಬಂದ ಜೀವಕ್ಕೆ ಕಣ್ಣು ತಪ್ಪಿಸುವ ಒಂದೇ ಒಂದು ಜಾಗವನ್ನೂ ನಾವು ಬಿಟ್ಟಿರಲಿಲ್ಲ.

ಇಲ್ಲಿ ಒಂದು ವಾದ ಬರುತ್ತದೆ, ಅದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಇವು ಕಾಡಿನಿಂದ ಹಿಡಿದು ತಂದವಲ್ಲವಲ್ಲ, ಪೆಟ್ಟಿಗೆಯಲ್ಲೇ ಹುಟ್ಟಿ ಪೆಟ್ಟಿಗೆಯಲ್ಲೇ ಬೆಳೆದವು. ಕಂಡೇ ಇರದ ಬಿಲದ ನೆನಪು ಅವಕ್ಕೆ ಎಲ್ಲಿಂದ ಬರಬೇಕು? ಇವುಗಳ ವಂಶಾವಳಿ ನೋಡಿದರೆ ಈ ಮಾತಿಗೆ ತೂಕವಿದೆ ಎನಿಸುತ್ತದೆ. ಫ್ರೆಂಚ್ ಪಾದ್ರಿ ಆರ್ಮಾಂ ದಾವೀದ್ 1866ರಲ್ಲಿ ಉತ್ತರ ಚೀನಾದ ಕಡೆಯಿಂದ ಪ್ಯಾರಿಸ್ಸಿಗೆ ಕಳಿಸಿದ ಮಾದರಿಗಳಿಗೆ ಪ್ರಾಣಿಶಾಸ್ತ್ರಜ್ಞ ಮಿಲ್ನ್ ಎಡ್ವರ್ಡ್ಸ್ ಮರುವರ್ಷ ಹೆಸರಿಟ್ಟರು; ಇಂದು ಆ ಹೆಸರು ಮೆರಿಯೋನಿಸ್ ಉಂಗಿಕ್ಯುಲೇಟಸ್. ಎರಡನೇ ಪದಕ್ಕೆ ಉಗುರುಳ್ಳದ್ದು ಎಂದರ್ಥ. ಇಂದು ಜಗತ್ತಿನ ಮನೆಗಳಲ್ಲೂ ಪ್ರಯೋಗಾಲಯಗಳಲ್ಲೂ ಇರುವ ಮಂಗೋಲಿಯನ್ ಜರ್ಬಿಲ್‌ಗಳ ಮೂಲ ಬಹುಪಾಲು 1935ರಲ್ಲಿ ಅಮೂರ್ ನದಿಯ ಸೀಮೆಯಲ್ಲಿ ಹಿಡಿದು ಜಪಾನಿಗೆ ಒಯ್ದ ಇಪ್ಪತ್ತು ಜೋಡಿಗಳು. ಅಲ್ಲಿಂದ 1954ರಲ್ಲಿ ಹನ್ನೊಂದು ಜೋಡಿ ಅಮೆರಿಕಕ್ಕೆ ಹೋದವು. ಅವುಗಳಲ್ಲೂ ಐದು ಹೆಣ್ಣು, ನಾಲ್ಕು ಗಂಡು ಮಾತ್ರ ಸಂತತಿ ಬೆಳೆಸಿದವು. ಮೂರು ತಿಂಗಳಿಗೆಲ್ಲ ಮರಿ ಹಾಕುವ ವಯಸ್ಸಿಗೆ ಬರುವ ಪ್ರಾಣಿಗೆ ತೊಂಬತ್ತು ವರ್ಷವೆಂದರೆ ಎಷ್ಟು ತಲೆಮಾರು ಎಂದು ಲೆಕ್ಕ ಹಾಕಿ.

ಆದರೆ ವೀಡೆನ್‌ಮಾಯರ್ ನೋಡಿದ ಮರಿಗಳೂ ಇದೇ ವಂಶದ, ಪೆಟ್ಟಿಗೆಯಲ್ಲೇ ಹುಟ್ಟಿದ ಮರಿಗಳು. ಬಿಲವನ್ನು ಕಂಡೇ ಇರದ ಅವು ಬಿಲಕ್ಕಾಗಿ ಕೆರೆದವು. ನೆನಪು ಇರಬೇಕಾದದ್ದು ತಲೆಯಲ್ಲಿ ಎಂದು ನಾವು ತಿಳಿದುಕೊಂಡಿದ್ದೇವೆ. ಇವುಗಳಲ್ಲಿ ಅದು ಉಗುರಿನಲ್ಲಿದೆ. ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ಚಳಿಗಾಲಕ್ಕೆ ಸೊನ್ನೆಯ ಕೆಳಗೆ ನಲವತ್ತು ಡಿಗ್ರಿಯವರೆಗೂ ಇಳಿಯುತ್ತದೆ, ಬೇಸಿಗೆಯಲ್ಲಿ ಬಿಸಿಲು ಸುಡುತ್ತದೆ. ಅಂಥ ಕಡೆ ಅರವತ್ತು ಎಪ್ಪತ್ತು ಗ್ರಾಂ ತೂಕದ ಮೈ ಉಳಿಯುವುದು ನೆಲದೊಳಗಿನ ಹದವಾದ ಹವೆಯಿಂದ. ಅಪ್ಪ, ಅಮ್ಮ, ಹಲವು ಸೂಲಿನ ಮಕ್ಕಳು ಕೂಡಿ ಅಗೆದ ಆ ಬಿಲದಲ್ಲಿ ಮಲಗುವ ಕೋಣೆ ಬೇರೆ, ಕಾಳಿನ ಕಣಜ ಬೇರೆ, ಹೊರಬಾಗಿಲು ಹಲವು. ಜರ್ಬಿಲ್‌ಗೆ ಬಿಲವೆಂದರೆ ಆಮೆಗೆ ಚಿಪ್ಪಿದ್ದ ಹಾಗೆ. ಅರ್ಧ ಮೈ ಅದೇ.

ಇದು ನಮ್ಮವರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಹೊಲ ಉಳುವವರಿಗೆ ಇಲಿಯ ಕಣಜ ಗೊತ್ತು. ಕೊಯ್ಲಾದ ಮೇಲೆ ಬಿಲ ಅಗೆದು ಅದರಲ್ಲಿ ಕೂಡಿಟ್ಟ ತೆನೆ ತೆಗೆಯುವುದು ಗೊತ್ತು. ಜರ್ಬಿಲ್‌ನ ದಾಯಾದಿಯೊಂದು ನಮ್ಮ ಬಯಲುಸೀಮೆಯ ಹೊಲಗಳಲ್ಲೇ ಇದೆ. ರಾತ್ರಿ ಹೊರಬಂದು ನೆಗೆನೆಗೆದು ಓಡುವ, ಬಾಲದ ತುದಿಗೆ ಕುಚ್ಚಿರುವ ಆ ಇಲಿಯನ್ನು ವಿಜ್ಞಾನ ಟಟೇರಾ ಇಂಡಿಕಾ ಎಂದು ಕರೆಯುತ್ತದೆ. ನಮ್ಮ ಸಸ್ತನಿಗಳ ಬಗ್ಗೆ ಬ್ರಿಟಿಷರ ಕಾಲದಲ್ಲಿ ಬರೆದ ಪುಸ್ತಕಗಳು ಅದರ ಕನ್ನಡ ಹೆಸರನ್ನು ಬಿಲದ ಇಲಿ ಎಂಬ ಅರ್ಥದಲ್ಲೇ ದಾಖಲಿಸಿವೆ. ಹೆಸರಿಟ್ಟ ರೈತನಿಗೆ ಆ ಪ್ರಾಣಿಯ ಬಣ್ಣವಾಗಲಿ ಬಾಲವಾಗಲಿ ಮುಖ್ಯವಾಗಲಿಲ್ಲ. ಅದು ಇರುವ ಮನೆಯಿಂದಲೇ ಅದನ್ನು ಗುರುತಿಸಿದ. ಅದರ ನಂಟನನ್ನು ಬಿಲವಿಲ್ಲದೆ ಮನೆಗೆ ತಂದವರು ನಾವು.

ಹಾಗಾದರೆ ಅಂಗಡಿಯಲ್ಲಿ ಬಿಲಕ್ಕೆ ಜಾಗವಿರುವ ಮನೆ ಏಕೆ ಸಿಗುವುದಿಲ್ಲ? ಈ ಪ್ರಶ್ನೆಗೆ ಅಂಗಡಿಯವರನ್ನು ಬೈದು ಮುಗಿಸುವುದು ಸುಲಭ. ಅವರು ನಾವು ಕೇಳುವುದನ್ನು ಮಾರುತ್ತಾರೆ. ನಾವು ಕೇಳುವುದು ನೋಟ. ದುಡ್ಡು ಕೊಟ್ಟು ತಂದ ಪ್ರಾಣಿ ಕಣ್ಣಿಗೆ ಕಾಣಬೇಕು, ಮಕ್ಕಳು ಕರೆದಾಗ ಬರಬೇಕು, ನೆಂಟರು ಬಂದಾಗ ಚಕ್ರ ತಿರುಗಿಸಬೇಕು. ಕೆಳಗೆ ಒಂದಡಿ ಹೊಟ್ಟು ತುಂಬಿದರೆ ಪ್ರಾಣಿ ಅದರೊಳಗೆ ಹೋಗಿ ಮಲಗುತ್ತದೆ. ಅರ್ಧ ದಿನ ಕಾಣುವುದೇ ಇಲ್ಲ. ಕಾಣದ ಪ್ರಾಣಿಗೆ ಯಾರು ದುಡ್ಡು ಕೊಡುತ್ತಾರೆ? ಹೀಗಾಗಿ ಪಂಜರದ ಪ್ರತಿಯೊಂದು ಅಂಶವೂ ಹೊರಗೆ ನಿಂತವರ ಅನುಕೂಲಕ್ಕೆ ರೂಪುಗೊಂಡಿದೆ: ಸುತ್ತ ತಂತಿ, ತಳ್ಳಿ ತೆಗೆಯುವ ತಟ್ಟೆ, ಬಣ್ಣದ ಪ್ಲಾಸ್ಟಿಕ್ ಜಾರುಬಂಡೆ, ಎತ್ತಿ ಒಯ್ಯಲು ಹಿಡಿ. ಜರ್ಬಿಲ್‌ಗೆ ಮನೆ ಆರಿಸುವವರು ಮೊದಲು ತೀರ್ಮಾನಿಸಬೇಕಾದದ್ದು ಪೆಟ್ಟಿಗೆಯ ಗಾತ್ರವನ್ನಲ್ಲ. ಅದು ಕಾಣದಿದ್ದರೂ ನನಗೆ ಸಮ್ಮತವೇ ಎಂಬುದನ್ನು. ಸಮ್ಮತವಿಲ್ಲದಿದ್ದರೆ ಮೀನು ಸಾಕಬಹುದು, ಅಥವಾ ಬಾಲ್ಕನಿಯಲ್ಲಿ ನೀರಿಟ್ಟು ಗುಬ್ಬಿ ಪಿಕಳಾರಗಳನ್ನು ಕಾಯಬಹುದು. ಸಮ್ಮತವಿದ್ದರೆ ಉಳಿದದ್ದೆಲ್ಲ ಮಾಡಿಕೊಳ್ಳಬಹುದಾದ ಕೆಲಸ.

ನಾವು ಮಾಡಿಕೊಂಡದ್ದನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. ಒಳ್ಳೆಯ ಮನಸ್ಸಿದ್ದೂ ಎಡವುವುದು ಇಂಥ ಸಣ್ಣ ಸಂಗತಿಗಳಲ್ಲೇ.

ಪಂಜರ ಬಿಟ್ಟು ಮೀನಿನ ತೊಟ್ಟಿ ಮಾಡುವವರ ಹತ್ತಿರ ಹೋದೆವು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿ. ಮೀನಿಗಲ್ಲ, ನೀರು ತುಂಬುವುದಿಲ್ಲ ಎಂದಾಗ ಅವರಿಗೆ ಆಶ್ಚರ್ಯ. ಮುಚ್ಚಳಕ್ಕೆ ಕಿಟಕಿಯ ಸೊಳ್ಳೆಪರದೆ ಸಾಲದು. ನೈಲಾನ್ ಆದರೆ ಒಂದೇ ರಾತ್ರಿಯಲ್ಲಿ ಕಡಿದು ತೂತು ಮಾಡುತ್ತವೆ. ಮರದ ಚೌಕಟ್ಟಿಗೆ ಸ್ಟೀಲಿನ ಜಾಲರಿ ಹೊಡೆಸಿ, ಚೌಕಟ್ಟಿನ ಮರ ಒಳಬದಿಗೆ ಹಲ್ಲಿಗೆ ಸಿಗದ ಹಾಗೆ ಮಾಡಿಸಿದೆವು. ಗಾಳಿ ಮೇಲಿನಿಂದ ಆಡಬೇಕು, ಮುಚ್ಚಳ ಬೆಕ್ಕು ಹಾರಿ ಕೂತರೂ ಅಲುಗಬಾರದು. ಈ ಜಾಲರಿ ಮುಚ್ಚಳದ ಬದಲು ಗಾಜಿನದೇ ಮುಚ್ಚಿದರೆ ಒಳಗೆ ಉಸಿರು ಕಟ್ಟುತ್ತದೆ, ಬೆವರಿಡುತ್ತದೆ.

ತೊಟ್ಟಿಯ ತಳದಿಂದ ಒಂದಡಿಯವರೆಗೆ ಏನು ತುಂಬಬೇಕು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಮರ ಕುಯ್ಯುವ ಮಿಲ್ಲಿನ ನುಣ್ಣನೆ ಪುಡಿ ಬೇಡ. ಅದು ಮೂಗು ಶ್ವಾಸಕೋಶ ಸೇರುತ್ತದೆ. ಪ್ಲೈವುಡ್ ಕೊಯ್ದ ಹೊಟ್ಟಿನಲ್ಲಿ ಅಂಟು ಇರುತ್ತದೆ. ಘಮಘಮ ಎನ್ನುವ ದೇವದಾರು, ಸಂಸ್ಕರಿಸದ ಪೈನ್ ಮರಗಳ ಸುವಾಸನೆ ನಮಗೆ ಹಿತ, ಆ ಎಣ್ಣೆಯ ಆವಿ ಈ ಸಣ್ಣ ಮೈಗಳ ಉಸಿರಿಗೂ ಪಿತ್ತಜನಕಾಂಗಕ್ಕೂ ಹೊರೆ. ವಾಸನೆಯಿಲ್ಲದ ಮರವನ್ನು ಬಡಗಿ ಕೀಸಿದಾಗ ಸುರುಳಿ ಸುರುಳಿಯಾಗಿ ಬೀಳುವ ಸಿಪ್ಪೆ ಒಳ್ಳೆಯದು. ಆದರೆ ಅದೊಂದನ್ನೇ ತುಂಬಿದರೆ ಬಿಲ ನಿಲ್ಲುವುದಿಲ್ಲ. ಅಗೆದಂತೆಲ್ಲ ಮೇಲಿನದು ಜರಿದು ಬೀಳುತ್ತದೆ, ಮರಳಿನಲ್ಲಾದ ಕಥೆಯೇ ಇಲ್ಲೂ. ಆದ್ದರಿಂದ ಒಂದು ಪದರ ಸಿಪ್ಪೆ, ಅದರ ಮೇಲೆ ಒಣಹುಲ್ಲು, ಮತ್ತೆ ಸಿಪ್ಪೆ, ನಡುವೆ ಅಚ್ಚಿಲ್ಲದ ಕಾಗದದ ಚೂರು, ರಟ್ಟಿನ ಸುರುಳಿ. ಪ್ರತಿ ಪದರವನ್ನೂ ಅಂಗೈಯಿಂದ ಗಟ್ಟಿಯಾಗಿ ಅದುಮಬೇಕು. ಬಣವೆ ಒಟ್ಟುವವರು ತುಳಿದು ತುಳಿದು ಕೂರಿಸುತ್ತಾರಲ್ಲ, ಹಾಗೆ. ಹುಲ್ಲಿನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಿಲಕ್ಕೆ ತೊಲೆಗಳಾಗುತ್ತವೆ. ರಾಗಿ ಹುಲ್ಲು ತಂದವರು ಒಂದು ದಿನ ಬಿಸಿಲಿಗೆ ಹರಡಿ, ಹುಳುಹುಪ್ಪಟೆ ಬೂಷ್ಟು ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಳಸಬೇಕು.

ಮೊದಲ ದಿನವೇ ಒಂದು ತಪ್ಪು ಮಾಡಿದೆ. ಮಣ್ಣಿನ ಕುಡಿಕೆಯೊಂದನ್ನು ಚೆಂದ ಕಾಣಲೆಂದು ಹೊಟ್ಟಿನ ಮೇಲೆ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಕುಡಿಕೆ ಅರ್ಧ ಮುಳುಗಿತ್ತು, ಅದರಡಿ ಬಿಲ ಕುಸಿದಿತ್ತು. ಪುಣ್ಯಕ್ಕೆ ಆ ಹೊತ್ತಿಗೆ ಒಳಗೆ ಯಾವುದೂ ಇರಲಿಲ್ಲ. ಭಾರದ್ದೇನಿದ್ದರೂ, ಕುಡಿಕೆ, ಕಲ್ಲು, ಮರಳಿನ ಬಟ್ಟಲು, ಚಕ್ರ, ಎಲ್ಲವೂ ತೊಟ್ಟಿಯ ತಳದ ಮೇಲೆಯೇ ನಿಲ್ಲಬೇಕು, ಅಥವಾ ತಳಕ್ಕೆ ಕಾಲೂರಿದ ಮಣೆಯ ಮೇಲೆ ಇರಬೇಕು. ಅಡಿಪಾಯ ಅಗೆದುಹಾಕುವವರೇ ಮನೆಯ ವಾಸಿಗಳಾದಾಗ ಮನೆಯನ್ನು ಅದಕ್ಕೆ ತಕ್ಕಂತೆ ಕಟ್ಟಬೇಕು. ನೀರಿನ ಬಾಟಲಿಯ ಕೊಳವೆಗೆ ಹೊಟ್ಟು ತಾಗಿದರೆ ರಾತ್ರಿಯಿಡೀ ಹನಿಹನಿ ಇಳಿದು ಒಂದು ಬದಿಯೆಲ್ಲ ತೊಯ್ದು ಬೂಷ್ಟು ಹಿಡಿಯುತ್ತದೆ. ಅವು ಅಗೆದು ಗುಡ್ಡೆ ಹಾಕಿದಂತೆಲ್ಲ ಆ ಜಾಗವನ್ನು ನಾವು ದಿನಾ ನೋಡಬೇಕು. ಕಾಳಿನ ವಾಸನೆಗೆ ಇರುವೆಗಳ ಸಾಲು ಬಂದಾಗ ನಮ್ಮ ಅತ್ತೆಯವರು ಅಡುಗೆಮನೆಯ ಹಳೇ ಉಪಾಯ ಹೇಳಿದರು. ಮೇಜಿನ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಬಟ್ಟಲುಗಳಲ್ಲಿ ಇಡಿಸಿದರು. ಕೆಂಪಿರುವೆಗೆ ಹಾಕುವ ಪುಡಿ, ಸೀಮೆಸುಣ್ಣ ಯಾವುದೂ ಈ ಕೋಣೆಗೆ ಬರಬಾರದು.

ಚಕ್ರದ ವಿಷಯದಲ್ಲಿ ನಮಗೆ ಪಾಠವಾಗುವುದಕ್ಕೆ ಒಂದು ಜೀವ ನೋವುಂಡಿತು. ಹಳೆಯ ತಂತಿ ಚಕ್ರದ ಕಡ್ಡಿಗಳ ನಡುವೆ ಬಾಲ ಸಿಕ್ಕಿ, ಅದು ಎಳೆದುಕೊಂಡಾಗ ಬಾಲದ ಚರ್ಮ ಕಾಲುಚೀಲದ ಹಾಗೆ ಕಳಚಿ ಬಂತು. ಹದ್ದಿನ ಹಿಡಿತದಿಂದ ಪಾರಾಗಲು ಪ್ರಕೃತಿ ಕೊಟ್ಟ ಉಪಾಯ ಅದು, ಚರ್ಮ ಬಿಟ್ಟುಕೊಟ್ಟು ಪ್ರಾಣ ಉಳಿಸಿಕೊಳ್ಳುವುದು; ಬಾಲ ಹಿಡಿದು ಎತ್ತಿದರೂ ಹೀಗೇ ಆಗುತ್ತದೆ. ಕಳಚಿದ ಚರ್ಮ ಮತ್ತೆ ಬೆಳೆಯುವುದಿಲ್ಲ. ಉಳಿದ ಎಲುಬು ಒಣಗಿ ಉದುರಿತು, ಆ ಪ್ರಾಣಿ ಕೊನೆಯವರೆಗೆ ಮೋಟುಬಾಲದಲ್ಲೇ ಬದುಕಿತು. ತಂತಿಯ ನೆಲ, ತಂತಿಯ ಏಣಿ, ತಂತಿಯ ಚಕ್ರ ಮೂರೂ ಬೇಡ ಎಂದು ನಾನು ಇಷ್ಟು ಗಟ್ಟಿಯಾಗಿ ಹೇಳುವುದು ಅದಕ್ಕೇ. ಚಕ್ರ ಬೇಕೆಂದರೆ ಓಡುವ ಮೈ ಸಂದಿಲ್ಲದೆ ಮುಚ್ಚಿರಬೇಕು, ಬೆನ್ನು ಬಾಗದಷ್ಟು ದೊಡ್ಡದಿರಬೇಕು.

ಇಷ್ಟು ಹೇಳಿದ ಮೇಲೆ, ದೊಡ್ಡದಾದಷ್ಟೂ ಒಳ್ಳೆಯದು ಎಂಬ ಇನ್ನೊಂದು ನಂಬಿಕೆಯ ಬಗ್ಗೆಯೂ ಹೇಳಬೇಕು. ಜರ್ಬಿಲ್ ಒಂಟಿ ಜೀವಿಯಲ್ಲ. ಒಂದೇ ಸೂಲಿನ, ಒಂದೇ ಲಿಂಗದ ಎರಡನ್ನು ಜೊತೆಗೆ ತರುವುದು ಸರಿ; ಸಾಮಾಜಿಕ ಪ್ರಾಣಿಗಳನ್ನು ತಮ್ಮ ಜಾತಿಯ ಸಂಗವಿಲ್ಲದೆ ಇಡಬಾರದೆಂದು ಸ್ವಿಟ್ಜರ್ಲೆಂಡ್ 2008ರಲ್ಲಿ ನಿಯಮವನ್ನೇ ಮಾಡಿತು. ಆದರೆ ಇವುಗಳ ಕುಟುಂಬಪ್ರೀತಿ ಎಷ್ಟು ಗಾಢವೋ ಪರಕೀಯರ ಮೇಲಿನ ಸಿಟ್ಟೂ ಅಷ್ಟೇ ಗಾಢ. ಗುರುತಿಲ್ಲದ ಎರಡು ದೊಡ್ಡ ಜರ್ಬಿಲ್‌ಗಳನ್ನು ಒಮ್ಮೆಲೇ ಒಂದು ಪೆಟ್ಟಿಗೆಗೆ ಬಿಟ್ಟರೆ ಸಾಯುವವರೆಗೂ ಕಾದಾಡಬಹುದು. ಇವು ಒಂದನ್ನೊಂದು ಗುರುತಿಸುವುದು ಹೊಟ್ಟೆಯ ಮೇಲಿನ ಗ್ರಂಥಿಯಿಂದ ಬರುವ ವಾಸನೆಯಿಂದ. ಎಲ್ಲೆಲ್ಲೂ ಕವಲೊಡೆದ, ಹಲವು ಅಂತಸ್ತಿನ ಭಾರಿ ಮನೆ ಕೊಟ್ಟಾಗ ಒಡಹುಟ್ಟಿದವೇ ಒಂದೊಂದು ಮೂಲೆ ಹಿಡಿದು, ಬೇರೆ ಬೇರೆ ವಾಸನೆಯ ಸೀಮೆ ಮಾಡಿಕೊಂಡು, ಒಂದು ದಿನ ಶತ್ರುಗಳಾಗುವುದನ್ನು ಬಹುಕಾಲದಿಂದ ಸಾಕಿದವರು ಕಂಡಿದ್ದಾರೆ. ಎರಡಕ್ಕೆ ಬೇಕಾದದ್ದು ಅರಮನೆಯಲ್ಲ. ಜೊತೆಯಾಗಿ ಮಲಗಲು ಒಂದೇ ಗೂಡಾಗುವಂಥ, ಆದರೆ ಆಳವಾದ ಮನೆ. ಮನೆ ಸ್ವಚ್ಛ ಮಾಡುವುದರಲ್ಲೂ ಇದೇ ವಿವೇಕ ಬೇಕು. ಒಣನಾಡಿನ ಪ್ರಾಣಿಯಾದ್ದರಿಂದ ಮೂತ್ರ ಕೆಲವೇ ಹನಿ, ವಾಸನೆ ಕಡಿಮೆ. ವಾರವಾರ ಎಲ್ಲ ಹೊಟ್ಟನ್ನೂ ಎಸೆದು ಹೊಸದು ತುಂಬುವುದು ನಮ್ಮ ಕಣ್ಣಿಗೆ ಶುಚಿ, ಅವಕ್ಕೆ ಮನೆ ಸುಟ್ಟುಹೋದಂತೆ. ಒದ್ದೆಯಾದದ್ದನ್ನು ಮಾತ್ರ ಆಗಾಗ ತೆಗೆದು, ಎಷ್ಟೋ ವಾರಕ್ಕೊಮ್ಮೆ ಅರ್ಧ ಬದಲಿಸಿ ಹಳೆಯದರ ಒಂದು ಪಾಲನ್ನು ಹೊಸದರೊಂದಿಗೆ ಬೆರೆಸಬೇಕು.

ನಗರದಲ್ಲಿ ತಲೆಯ ಮೇಲೆ ಸೂರಿಲ್ಲದೆ ಮನುಷ್ಯರು ಮೇಲ್ಸೇತುವೆಯ ಕೆಳಗೆ ಮಲಗುವಾಗ ಇಲಿಜಾತಿಯ ಪ್ರಾಣಿಗೆ ಒಂದಡಿಯ ಹಾಸಿಗೆಯ ಚಿಂತೆ ಯಾಕೆ ಎಂದು ಒಬ್ಬರು ನನ್ನನ್ನು ಕೇಳಿದರು. ಮಾತು ಪ್ರಾಮಾಣಿಕವಾಗಿತ್ತು, ನನಗೆ ನಾಟಿತು. ಆದರೆ ಯೋಚಿಸಿದಂತೆ ಅನಿಸಿದ್ದು ಇದು. ಸೂರಿಲ್ಲದವರನ್ನು ನಾನು ಸೂರಿಲ್ಲದವರನ್ನಾಗಿ ಮಾಡಿಲ್ಲದಿರಬಹುದು, ಅದರ ಹೊಣೆ ನಾವೆಲ್ಲ ಹಂಚಿಕೊಂಡದ್ದು. ಈ ಎರಡು ಜೀವಗಳನ್ನು ಮಾತ್ರ ಪೂರ್ತಿಯಾಗಿ ನಾನೇ ಈ ಸ್ಥಿತಿಗೆ ತಂದಿದ್ದೇನೆ. ದುಡ್ಡು ಕೊಟ್ಟವಳು ನಾನು, ಬಾಗಿಲಿಗೆ ಚಿಲಕ ಹಾಕುವವಳು ನಾನು. ಅವುಗಳ ಕತ್ತಲೆ ಬೆಳಕು ನನ್ನ ಕೈಯಲ್ಲಿದೆ. ಅಷ್ಟು ಸಂಪೂರ್ಣವಾದ ಅಧಿಕಾರ ನನಗೆ ಜಗತ್ತಿನಲ್ಲಿ ಬೇರೆ ಯಾರ ಮೇಲೂ ಇಲ್ಲ. ಹಾಗಾಗಿ ಇಷ್ಟು ಸಂಪೂರ್ಣವಾದ ಹೊಣೆಯೂ ಬೇರೆ ಇಲ್ಲ. ಬಡವರ ಪಾಲಿನದನ್ನು ಕಿತ್ತು ನಾನು ಹೊಟ್ಟು ತುಂಬಿಸುತ್ತಿಲ್ಲ. ನೀಲಿ ಪಂಜರ, ಅದರ ಚಕ್ರ, ಜಾರುಬಂಡೆಗೆ ಸುರಿದ ದುಡ್ಡಿಗಿಂತ ಹುಲ್ಲು ಮತ್ತು ಮರದ ಸಿಪ್ಪೆಗೆ ಆದದ್ದು ಕಡಿಮೆ.

ಸಾಕುವುದೇ ತಪ್ಪು ಎನ್ನುವವರ ಮಾತು ಇದಕ್ಕಿಂತ ಬಲವಾದದ್ದು. ಬ್ರಿಟನ್ನಿನಲ್ಲಿ 1965ರಲ್ಲಿ ಬ್ರಾಂಬೆಲ್ ಸಮಿತಿ ಸಾಕಣೆಯ ಪ್ರಾಣಿಗೆ ಏಳಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಆಗಬೇಕು ಎಂದಿತು. ಆ ಬೀಜದಿಂದ ಬೆಳೆದ ಐದು ಸ್ವಾತಂತ್ರ್ಯಗಳನ್ನು ನಮ್ಮ ಸುಪ್ರೀಂ ಕೋರ್ಟ್ 2014ರಲ್ಲಿ ಜಲ್ಲಿಕಟ್ಟು ಪ್ರಕರಣದ ತೀರ್ಪಿನಲ್ಲಿ ಎತ್ತಿಹಿಡಿಯಿತು. ಅದರಲ್ಲೊಂದು, ತನ್ನ ಸಹಜ ನಡವಳಿಕೆಯನ್ನು ನಡೆಸುವ ಸ್ವಾತಂತ್ರ್ಯ. ಮೂರಡಿಯ ಗಾಜಿನ ತೊಟ್ಟಿಯಲ್ಲಿ ಅದು ಪೂರ್ತಿಯಾಗಿ ಸಿಗುತ್ತದೆ ಎಂದು ನಾನು ಎದೆ ತಟ್ಟಿ ಹೇಳಲಾರೆ. ಮಂಗೋಲಿಯಾದ ಬಯಲು ಅದರಲ್ಲಿ ಹಿಡಿಸುವುದಿಲ್ಲ. ಹೊಸದಾಗಿ ತರಬೇಕೆ ಎಂದು ಯಾರಾದರೂ ಕೇಳಿದರೆ ಬೇಡವೆಂಬ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಆದರೆ ಹುಟ್ಟಿಬಿಟ್ಟ, ಯಾರದೋ ಮನೆಯ ಮೂಲೆಯಲ್ಲಿ ಈ ರಾತ್ರಿಯೂ ಪ್ಲಾಸ್ಟಿಕ್ ಕೆರೆಯುತ್ತಿರುವ ಜರ್ಬಿಲ್‌ಗಳಿವೆ. ಅವನ್ನು ಹೊಲಕ್ಕೆ ಬಿಟ್ಟು ಕೈತೊಳೆದುಕೊಳ್ಳುವುದು ಎರಡು ಪಟ್ಟು ತಪ್ಪು: ಅವು ಸಾಯಬಹುದು, ಸಾಯದಿದ್ದರೆ ಅಲ್ಲಿಯ ಜೀವಗಳಿಗೆ ಕಂಟಕವಾಗಬಹುದು. ಬಯಲು ಸೇರಿ ಬೇರೂರಿಬಿಟ್ಟಾವೆಂಬ ಭಯಕ್ಕೇ ಅಮೆರಿಕದ ಕ್ಯಾಲಿಫೋರ್ನಿಯಾ ಇವನ್ನು ಸಾಕುವುದನ್ನೇ ನಿಷೇಧಿಸಿದೆ. ಉಳಿಯುವ ದಾರಿ ಒಂದೇ, ಇದ್ದಲ್ಲೇ ಅವಕ್ಕೆ ಬಿಲ ಸಿಗುವಂತೆ ಮಾಡುವುದು.

ಆ ಬಿಲ ಏನು ಕೊಡುತ್ತದೆ ಎಂಬುದನ್ನು ನಾನು ಎರಡು ದೀಪಾವಳಿಗಳಲ್ಲಿ ಕಂಡೆ. ಇವುಗಳ ಕಿವಿ ನಮಗೆ ಕೇಳುವ ಸದ್ದನ್ನೂ ಕೇಳುತ್ತದೆ, ನಮಗೆ ಕೇಳದ ಎಷ್ಟೋ ಮೇಲಿನ ಸ್ವರಗಳನ್ನೂ ಕೇಳುತ್ತದೆ. ಮೊದಲ ವರ್ಷ ಪಂಜರದಲ್ಲಿದ್ದಾಗ ಬೀದಿಯಲ್ಲಿ ಸರಪಟಾಕಿ ಸಿಡಿಯುತ್ತಿದ್ದಂತೆ ಎರಡೂ ಹಿಂಗಾಲಿನಿಂದ ತಳಕ್ಕೆ ದಬದಬ ಬಡಿದವು. ಬಯಲಿನಲ್ಲಿ ಅದು ಎಲ್ಲರೂ ಬಿಲ ಸೇರಿ ಎಂಬ ಎಚ್ಚರಿಕೆ. ಸೇರಲು ಬಿಲವೆಲ್ಲಿದೆ? ಒಂದಕ್ಕೆ ಮೈ ಸೆಟೆದು, ಕಿವಿ ಹಿಂದಕ್ಕೆ ಮಡಿಚಿ, ನಡುಕ ಬಂತು. ಬೆದರಿಕೆಯಿಂದ ಅಪಸ್ಮಾರ ಬರುವ ಗುಣ ಈ ವಂಶದ ಹಲವು ಪ್ರಾಣಿಗಳಲ್ಲಿದೆ ಎಂದು ಆಮೇಲೆ ತಿಳಿಯಿತು. ನಾವು ಬಟ್ಟೆ ಹೊದಿಸಿ, ದೀಪ ಆರಿಸಿ, ಉಸಿರು ಬಿಗಿಹಿಡಿದು ಕೂತೆವು. ಮರುವರ್ಷ ಗಾಜಿನ ತೊಟ್ಟಿ. ಮೊದಲ ಪಟಾಕಿಗೆ ಒಂದು ಸಲ ಕಾಲು ಬಡಿತ, ಆಮೇಲೆ ಎರಡೂ ಮಾಯ. ಬಿಲದ ಬಾಯಿಗೆ ಒಳಗಿನಿಂದ ಹುಲ್ಲು ತುರುಕಿ ಮುಚ್ಚಿಕೊಂಡಿದ್ದವು. ಮಗಳು ಟಾರ್ಚ್ ತರಲು ಹೊರಟವಳು ತಾನೇ ತಡೆದು ನಿಂತಳು. ಗಾಜಿಗೆ ಒತ್ತಿಕೊಂಡಿದ್ದ ಗೂಡಿನ ಒಂದು ಬದಿಯಲ್ಲಿ ಬೆರಳಗಲ ರೋಮ ಕಾಣುತ್ತಿತ್ತು. ಅದು ನಿಧಾನವಾಗಿ ಏರಿ ಇಳಿಯುತ್ತಿತ್ತು. ಅವು ನಿದ್ದೆ ಮಾಡುತ್ತಿದ್ದವು.

ಆ ತಿಂಗಳು ಕೆರೆತದ ಸದ್ದು ಒಂದು ಸಲವೂ ಕೇಳಲಿಲ್ಲ ಎಂದು ಬರೆಯುವ ಆಸೆಯಿದೆ, ಆದರೆ ಅದು ನಿಜವಲ್ಲ. ಪಂಜರದಲ್ಲಿ ಹತ್ತಿದ ಚಟ ಒಂದರಲ್ಲಿ ಪೂರ್ತಿ ಹೋಗಲೇ ಇಲ್ಲ. ಕಡಿಮೆಯಾಯಿತು, ಅಷ್ಟೇ. ಮರಿಯಾಗಿದ್ದಾಗಲೇ ಬಿಲ ಸಿಕ್ಕಿದ್ದರೆ ಆ ಚಟವೇ ಹತ್ತುತ್ತಿರಲಿಲ್ಲ.

ಹೋದ ಜೂನಿನಲ್ಲಿ ಮಂಗಳೂರಿನಿಂದ ತಂಗಿ ಫೋನ್ ಮಾಡಿದಳು. ಅವಳ ಮಗನಿಗೆ ಒಂದು ಜೊತೆ ಜರ್ಬಿಲ್ ಬೇಕಂತೆ. “ಅಕ್ಕ, ನೀನು ಹೇಳಿದ ಹಾಗೇ ದೊಡ್ಡ ತೊಟ್ಟಿ ಮಾಡಿಸ್ತೀನಿ, ಒಂದಡಿ ಹೊಟ್ಟೂ ತುಂಬ್ತೀನಿ” ಎಂದಳು. ನಾನು ಬೇಡವೆಂದೆ. ಅವಳ ದನಿ ಸಣ್ಣಗಾಯಿತು. ಕಾರಣ ಹೇಳಿದೆ. ಇದು ಒಣಹವೆಯ ಪ್ರಾಣಿ. ಗಾಳಿಯ ತೇವ ಶೇಕಡಾ 50 ದಾಟಿದರೆ ರೋಮ ಅಂಟಂಟಾಗಿ ಗುಂಪುಗಟ್ಟಿ ನಿಲ್ಲುತ್ತದೆ. ಕಣ್ಣಿನ ಹಿಂದಿನ ಗ್ರಂಥಿಯಿಂದ ಒಸರುವ ಕೆಂಪು ದ್ರವ ಮೂಗಿನ ಸುತ್ತ ಉಳಿದು ಚರ್ಮ ಕೆರಳಿ ಹುಣ್ಣಾಗುತ್ತದೆ. ಬೆಂಗಳೂರಿನ ಜುಲೈ ಆಗಸ್ಟಿನಲ್ಲೇ ನಾವು ತೊಳೆದು ಒಣಗಿಸಿದ ಮರಳಿನ ಬಟ್ಟಲನ್ನು ಮತ್ತೆ ಮತ್ತೆ ಬದಲಿಸುತ್ತಾ, ಅವುಗಳ ಮೂಗು ನೋಡುತ್ತಾ ಇರಬೇಕಾಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ತೇವ ಶೇಕಡಾ 80ರ ಮೇಲೆಯೇ ಇರುತ್ತದೆ, ಮಡಚಿಟ್ಟ ಸೀರೆಗೇ ಬೂಷ್ಟು ಬರುತ್ತದೆ. ಒಂದಡಿಯ ಹುಲ್ಲು, ಹೊಟ್ಟು ಅಲ್ಲಿ ಬಿಲವಾಗಿ ಉಳಿಯುವುದಿಲ್ಲ. ತೇವ ಹೀರುವ ಯಂತ್ರವನ್ನು ಹಗಲೂ ರಾತ್ರಿ ಓಡಿಸಬಹುದು, ಕರೆಂಟು ಇದ್ದರೆ.

ಫೋನು ಹುಡುಗನ ಕೈಗೆ ಹೋಯಿತು. ಅವನು ಎಲ್ಲ ಕೇಳಿಸಿಕೊಂಡಿದ್ದ.

“ದೊಡ್ಡಮ್ಮ, ಹಾಗಾದ್ರೆ ಮಳೆ ಮುಗಿದ ಮೇಲೆ ತರಬಹುದಾ?”

“ಅದು ಮೂರು ನಾಲ್ಕು ವರ್ಷ ಬದುಕುತ್ತೆ ಪುಟ್ಟ.”

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಕಡೆಯಿಂದ ಹಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು. ಆಮೇಲೆ “ಅಷ್ಟರಲ್ಲಿ ಮೂರು ಸಲ ಮಳೆಗಾಲ ಬರುತ್ತಲ್ಲ” ಎಂದು ಅಮ್ಮನಿಗೆ ಫೋನು ಕೊಟ್ಟ.